ಗಿಡದೊಳಗಿನ ವಿಷ, ಕೋಶದೊಳಗಿನ ಆಮ್ಲಜನಕ
(ಸಿಲ್ಲೋಡ್‌ನಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಸಂಘಟಕರು ನನಗೆ ಕೊಟ್ಟ ವಿಷಯ 'ಗಿಡಮೂಲಿಕೆ ಮತ್ತು ಕ್ಯಾನ್ಸರ್'. ಒಂದು ಸಂಜೆಯಲ್ಲಿ ಮುಗಿಯುವ ಮಾತಲ್ಲ ಅದು. ಹಾಗಾಗಿ ಒಂದೇ ಎಳೆ ಹಿಡಿದುಕೊಂಡು ಬಂದಿದ್ದೇನೆ. ಗಿಡಗಳಲ್ಲಿರುವ ಕೆಲವು ರಾಸಾಯನಿಕಗಳು ಕ್ಯಾನ್ಸರ್ ಕೋಶದೊಳಗೆ ಆಮ್ಲಜನಕದ ಉಗ್ರ ರೂಪಗಳನ್ನು ಹೆಚ್ಚಿಸಿ, ಆ ಕೋಶ ಸಾಯುವಂತೆ ಮಾಡುತ್ತವೆ ಎನ್ನುತ್ತಾರೆ. ವಿಜ್ಞಾನ ಪತ್ರಿಕೆಗಳಲ್ಲಿ ಈ ಮಾತು ಸಾವಿರಾರು ಸಲ ಅಚ್ಚಾಗಿದೆ. ಅದರಲ್ಲಿ ನಿಜವೆಷ್ಟು, ನಿಜವಾದ ಭಾಗ ರೋಗಿಯ ಹಾಸಿಗೆಯವರೆಗೆ ಯಾಕೆ ತಲುಪಿಲ್ಲ ಎನ್ನುವುದೇ ಇವತ್ತಿನ ನನ್ನ ಮಾತು.

ಸಿಲ್ಲೋಡ್ ಎಂದರೆ ಹಸಿಮೆಣಸಿನಕಾಯಿ, ಹತ್ತಿ, ಮೆಕ್ಕೆಜೋಳ. ಈ ಮೂರರಲ್ಲಿ ಎರಡು ಬೆಳೆ ನನ್ನ ವಿಷಯದೊಳಕ್ಕೇ ಬರುತ್ತವೆ. ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್, ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳ ಮೈಟೊಕಾಂಡ್ರಿಯಾದಲ್ಲಿ ಎಲೆಕ್ಟ್ರಾನುಗಳ ಓಟಕ್ಕೆ ಅಡ್ಡಬೀಳುತ್ತದೆ. ದಾರಿ ತಪ್ಪಿದ ಎಲೆಕ್ಟ್ರಾನು ಆಮ್ಲಜನಕಕ್ಕೆ ಅಂಟಿಕೊಂಡು ಹಾವಳಿ ಮಾಡುತ್ತದೆ. ಹತ್ತಿಕಾಳಿನಲ್ಲಿ ಗಾಸಿಪಾಲ್ ಎಂಬ ಹಳದಿ ವಸ್ತುವಿದೆ. ಶುದ್ಧೀಕರಿಸದ ಹತ್ತಿಕಾಳಿನ ಎಣ್ಣೆಯನ್ನು ಅಡುಗೆಗೆ ಬಳಸಬಾರದೆನ್ನುವುದು ಅದರಿಂದಲೇ. ದೊಡ್ಡ ದನಗಳು ಅದನ್ನು ಒಂದು ಮಟ್ಟಕ್ಕೆ ತಾಳಿಕೊಳ್ಳುತ್ತವೆ, ಕೋಳಿ ಹಂದಿಗಳು ತಾಳವು. ಚೀನಾದವರು 1970ರ ದಶಕದಲ್ಲಿ ಇದೇ ಗಾಸಿಪಾಲನ್ನು ಗಂಡಸರ ಸಂತಾನನಿರೋಧಕ ಗುಳಿಗೆಯಾಗಿ ಪ್ರಯತ್ನಿಸಿದರು. ರಕ್ತದ ಪೊಟ್ಯಾಸಿಯಂ ಇಳಿಯತೊಡಗಿತು, ಕೆಲವರಿಗೆ ಸಂತಾನಶಕ್ತಿ ಮರಳಲೇ ಇಲ್ಲ, ಕೈಬಿಟ್ಟರು. ಕ್ಯಾನ್ಸರಿನ ಮೇಲೂ ಅದನ್ನು ಪರೀಕ್ಷಿಸಿದ್ದಾರೆ, ತಟ್ಟೆಯಲ್ಲಿ ಕೊಲ್ಲುತ್ತದೆ. 'ತಟ್ಟೆಯಲ್ಲಿ' ಎಂಬ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಇನ್ನೂ ಹಲವು ಸಲ ಬರುತ್ತದೆ.

ಪಕ್ಕದಲ್ಲೇ 'ಕನ್ನಡ' ಎಂಬ ಹೆಸರಿನ ತಾಲ್ಲೂಕಿದೆ, ಆಚೆಗೆ ರಾಷ್ಟ್ರಕೂಟರು ಕೊರೆಸಿದ ಕೈಲಾಸವಿದೆ. ಹಾಗಾಗಿ ಗೋದಾವರಿ ದಾಟಿ ಬಂದು ಕನ್ನಡದಲ್ಲಿ ಮಾತಾಡುತ್ತಿದ್ದೇನೆಂಬ ಸಂಕೋಚ ನನಗಿಲ್ಲ. ವಿಷಯಕ್ಕೆ ಬರೋಣ.

ನಾವು ಉಸಿರಾಡುವ ಆಮ್ಲಜನಕದ ಬಹುಪಾಲು ಕೋಶದೊಳಗೆ ನೀರಾಗಿ ಮುಗಿಯುತ್ತದೆ. ಸ್ವಲ್ಪ ಭಾಗ ಮಾತ್ರ ಅರ್ಧ ದಾರಿಯಲ್ಲಿ ನಿಂತು ಸೂಪರಾಕ್ಸೈಡ್, ಹೈಡ್ರೊಜನ್ ಪೆರಾಕ್ಸೈಡ್, ಹೈಡ್ರಾಕ್ಸಿಲ್ ರ್‍ಯಾಡಿಕಲ್ ಎಂಬ ರೂಪ ತಾಳುತ್ತದೆ. ಇವು ಡಿಎನ್ಎಯನ್ನು ಕತ್ತರಿಸಬಲ್ಲವು, ಕೊಬ್ಬಿನ ಪೊರೆಯನ್ನು ಕೆಡಿಸಬಲ್ಲವು, ಪ್ರೋಟೀನುಗಳ ಗಂಧಕದ ತುದಿಗಳನ್ನು ಹಾಳುಮಾಡಬಲ್ಲವು. ಇವನ್ನು ಹಿಡಿತದಲ್ಲಿಡಲು ಕೋಶದಲ್ಲಿ ಗ್ಲುಟಾಥಯೋನ್, ಥಯೊರೆಡಾಕ್ಸಿನ್, ಕ್ಯಾಟಲೇಸ್ ಮೊದಲಾದ ಏರ್ಪಾಡುಗಳಿವೆ. ಉತ್ಪತ್ತಿ ಹೆಚ್ಚಾಗಿ ಹಿಡಿತ ತಪ್ಪಿದ ಸ್ಥಿತಿಯೇ ಉತ್ಕರ್ಷಣ ಒತ್ತಡ. ಜರ್ಮನಿಯ ಹೆಲ್ಮುಟ್ ಸೀಸ್ 1985ರಲ್ಲಿ ಇದಕ್ಕೊಂದು ಖಚಿತ ವ್ಯಾಖ್ಯೆ ಕೊಟ್ಟರು. ಹೈಡ್ರೊಜನ್ ಪೆರಾಕ್ಸೈಡನ್ನು ಬರೀ ಕೇಡಿಗ ಎಂದುಕೊಳ್ಳಬೇಡಿ. ಅದು ಕಡಿಮೆ ಇದ್ದಾಗ ಕೋಶಕ್ಕೆ 'ಬೆಳೆ, ಇಬ್ಭಾಗವಾಗು' ಎಂಬ ಸಂದೇಶ ಮುಟ್ಟಿಸುವುದೂ ಹೌದು.

ಮನುಷ್ಯರ ಗಡ್ಡೆಗಳಿಂದ ತೆಗೆದು ಬೆಳೆಸಿದ ಕೋಶಗಳು ಯಾರೂ ಕೆಣಕದಿದ್ದರೂ ಹೇರಳವಾಗಿ ಹೈಡ್ರೊಜನ್ ಪೆರಾಕ್ಸೈಡ್ ಹೊರಹಾಕುತ್ತವೆ ಎಂದು 1991ರಲ್ಲಿ ಸ್ಜಾಟ್ರೋವ್‌ಸ್ಕಿ ಮತ್ತು ನೇಥನ್ ತೋರಿಸಿದರು. ಸದಾ ಬೆಳೆಯುವ ಆತುರದ ಕೋಶಕ್ಕೆ ಈ ಸಂದೇಶ ಬೇಕು, ಆದರೆ ಅದರ ಬೆಲೆಯನ್ನೂ ಅದು ತೆರುತ್ತಿರುತ್ತದೆ. ಕ್ಯಾನ್ಸರ್ ಕೋಶ ಕೋಡಿ ಬೀಳಲು ಎರಡೇ ಬೆರಳು ಬಾಕಿಯಿರುವ ಕೆರೆ, ಆರೋಗ್ಯದ ಕೋಶ ಅರ್ಧ ತುಂಬಿದ ಕೆರೆ. ಮಳೆ ಎರಡಕ್ಕೂ ಒಂದೇ ಸಮ ಸುರಿದರೂ ಏರಿ ಒಡೆಯುವುದು ಮೊದಲನೆಯದರದು. ಉತ್ಕರ್ಷಣ ಒತ್ತಡದಿಂದ ಕ್ಯಾನ್ಸರನ್ನು ಕೊಲ್ಲುವ ಯೋಚನೆಯೆಲ್ಲ ನಿಂತಿರುವುದು ಈ ಎರಡು ಬೆರಳಿನ ವ್ಯತ್ಯಾಸದ ಮೇಲೆ.

ಗಿಡಗಳು ಆ ಮಳೆ ಸುರಿಸುವ ಬಗೆ ಹಲವು. ನನಗೆ ಹೆಚ್ಚು ಸ್ವಾರಸ್ಯ ಕಾಣುವುದು ಚಿತ್ರಮೂಲದಲ್ಲಿ. ಇದರ ಬೇರನ್ನು ಅರೆದು ಚರ್ಮಕ್ಕೆ ಹಚ್ಚಿದರೆ ಬೊಬ್ಬೆ ಏಳುತ್ತದೆಂದು ಹಳ್ಳಿಯ ಹಿರಿಯರಿಗೆ ಗೊತ್ತು. ಬೇರಿನಲ್ಲಿರುವ ಪ್ಲಂಬಾಜಿನ್ ಒಂದು ಕ್ವಿನೋನ್. ಕೋಶದ ಕಿಣ್ವಗಳು ಅದಕ್ಕೊಂದು ಎಲೆಕ್ಟ್ರಾನು ಕೊಡುತ್ತವೆ. ಅದು ಆ ಎಲೆಕ್ಟ್ರಾನನ್ನು ಆಮ್ಲಜನಕಕ್ಕೆ ದಾಟಿಸಿ ಮತ್ತೆ ಮೊದಲಿನಂತಾಗುತ್ತದೆ, ಇನ್ನೊಂದಕ್ಕೆ ಕೈ ಚಾಚುತ್ತದೆ. ತಾನು ಖರ್ಚಾಗದೆ ಒಂದರ ಹಿಂದೊಂದು ಸೂಪರಾಕ್ಸೈಡ್ ಹುಟ್ಟಿಸುವುದರಿಂದ ಅತ್ಯಲ್ಪ ಪ್ರಮಾಣವೂ ಸಾಕಾಗುತ್ತದೆ. ಬೊಬ್ಬೆ ಏಳಿಸುವುದರಲ್ಲೂ ಇದೇ ಸ್ವಭಾವದ ಕೈಯಿದೆ.

ಎರಡನೆಯ ಬಗೆ, ಕಾವಲನ್ನೇ ಕಟ್ಟಿಹಾಕುವುದು. ಅರಿಶಿನದ ಕುರ್ಕುಮಿನ್, ಅಶ್ವಗಂಧದ, ಅಂದರೆ ನಮ್ಮ ಹಿರೇಮದ್ದಿನ, ವಿಥಾಫೆರಿನ್-ಎ, ಹಿಪ್ಪಲಿಯ ಪೈಪರ್‌ಲಾಂಗುಮಿನ್, ಸಾಸಿವೆ ಬಳಗದ ಗಿಡಗಳಲ್ಲಿ ಮೂಗಿಗೇರುವ ಐಸೋಥಯೊಸಯನೇಟುಗಳು, ಇವೆಲ್ಲ ಗಂಧಕದ ತುದಿ ಕಂಡರೆ ಅಂಟಿಕೊಳ್ಳುವ ಅಣುಗಳು. ಗ್ಲುಟಾಥಯೋನಿನ ಜೀವವೇ ಗಂಧಕದ ತುದಿ. ಅದು ಖಾಲಿಯಾದರೆ ಮೊದಲಿನಿಂದಲೇ ಇದ್ದ ಪೆರಾಕ್ಸೈಡನ್ನು ತಡೆಯುವವರಿರುವುದಿಲ್ಲ. ಕುರ್ಕುಮಿನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆಂದು ಸ್ವೀಡನ್ನಿನ ಹಾಲ್ಮ್‌ಗ್ರೆನ್ ಅವರ ಗುಂಪು 2005ರಲ್ಲಿ ತೋರಿಸಿತು. ಥಯೊರೆಡಾಕ್ಸಿನ್ ರಿಡಕ್ಟೇಸ್ ಎಂಬ ಕಾವಲು ಕಿಣ್ವಕ್ಕೆ ಅಂಟಿ, ಅದನ್ನೇ ಸೂಪರಾಕ್ಸೈಡ್ ಹುಟ್ಟಿಸುವ ಕಿಣ್ವವಾಗಿ ತಿರುಗಿಸಿಬಿಡುತ್ತದೆ. ಕಾವಲುಗಾರನೇ ಕಳ್ಳನಾದ ಹಾಗೆ ಎಂದು ಹೇಳುವ ಆಸೆಯಾಗುತ್ತದೆ, ಆದರೆ ಕೆರೆಯ ಮಾತು ಒಂದು ಸಾಕು.

ಮೂರನೆಯದು ಕಬ್ಬಿಣದ ದಾರಿ. ಚೀನಾದ ತೂ ಯೂಯೂ ಅವರಿಗೆ 2015ರ ನೊಬೆಲ್ ತಂದ ಆರ್ಟಿಮಿಸಿನಿನ್ ಅಣುವಿನೊಳಗೇ ಎರಡು ಆಮ್ಲಜನಕಗಳ ಸೇತುವೆಯಿದೆ. ಕಬ್ಬಿಣ ತಾಗಿದರೆ ಆ ಸೇತುವೆ ಮುರಿದು ರ್‍ಯಾಡಿಕಲ್‌ಗಳು ಹುಟ್ಟುತ್ತವೆ. ರಕ್ತದ ಹಿಮೊಗ್ಲೋಬಿನ್ ತಿಂದು ಬದುಕುವ ಮಲೇರಿಯಾ ಪರಾವಲಂಬಿ ಸಾಯುವುದು ಹೀಗೆ. ಕ್ಯಾನ್ಸರ್ ಕೋಶವೂ ಕಬ್ಬಿಣವನ್ನು ಹೆಚ್ಚಾಗಿ ಎಳೆದುಕೊಳ್ಳುವುದರಿಂದ ಅಲ್ಲೂ ಇದನ್ನು ನೋಡುತ್ತಿದ್ದಾರೆ. ಮಲೇರಿಯಾದಲ್ಲಿ ಗೆದ್ದಷ್ಟು ಸುಲಭವಾಗಿ ಇಲ್ಲಿ ಗೆದ್ದಿಲ್ಲ.

ಈ ವಿಷಯದಲ್ಲಿ ಕರ್ನಾಟಕದೊಳಗೇ ನಡೆದ ಒಂದು ಕೆಲಸವಿದೆ, ಅದರ ಬಗ್ಗೆ ನಮ್ಮಲ್ಲೇ ಅನೇಕರಿಗೆ ಗೊತ್ತಿಲ್ಲ. ಮಣಿಪಾಲದ ಕಸ್ತೂರಬಾ ಮೆಡಿಕಲ್ ಕಾಲೇಜಿನ ರೇಡಿಯೊಬಯಾಲಜಿ ವಿಭಾಗದಲ್ಲಿ 1990ರ ದಶಕದಲ್ಲಿ ಪಿ. ಉಮಾದೇವಿ ಮತ್ತು ಅವರ ಸಂಗಡಿಗರು ವಿಕಿರಣ ಚಿಕಿತ್ಸೆಗೂ ಗಿಡಗಳಿಗೂ ಇರುವ ಸಂಬಂಧವನ್ನು ಇಲಿಗಳಲ್ಲಿ ಹುಡುಕಿದರು. ವಿಕಿರಣ ಚಿಕಿತ್ಸೆಯೂ ಬಹುಮಟ್ಟಿಗೆ ಆಮ್ಲಜನಕದ ಆಟವೇ. ಕಿರಣ ದೇಹದ ನೀರನ್ನು ಒಡೆದು ಹೈಡ್ರಾಕ್ಸಿಲ್ ರ್‍ಯಾಡಿಕಲ್ ಹುಟ್ಟಿಸುತ್ತದೆ, ಆ ರ್‍ಯಾಡಿಕಲ್ ಡಿಎನ್ಎ ಕಡಿಯುತ್ತದೆ, ಆಮ್ಲಜನಕವಿದ್ದರೆ ಕಡಿದದ್ದು ಕೂಡಿಕೊಳ್ಳದು. ಮಣಿಪಾಲದ ಗುಂಪು ಇಲಿಗಳಿಗೆ ಅಶ್ವಗಂಧದ ಸಾರ, ವಿಥಾಫೆರಿನ್-ಎ, ಚಿತ್ರಮೂಲದ ಪ್ಲಂಬಾಜಿನ್ ಕೊಟ್ಟು ವಿಕಿರಣ ಹಾಯಿಸಿದಾಗ ಗಡ್ಡೆಗಳ ಮೇಲೆ ಕಿರಣದ ಪೆಟ್ಟು ಹೆಚ್ಚಾಯಿತು. ಗಡ್ಡೆಯೊಳಗಿನ ಗ್ಲುಟಾಥಯೋನ್ ಇಳಿಯುವುದನ್ನೂ ಅಳೆದರು. ಅದೇ ಪ್ರಯೋಗಾಲಯದಲ್ಲಿ ಶ್ರೀತುಳಸಿಯ ನೀರಿನ ಸಾರವನ್ನೂ, ಅದರಲ್ಲಿರುವ ಓರಿಯಂಟಿನ್, ವೈಸೆನಿನ್ ಎಂಬ ಎರಡು ಫ್ಲೇವನಾಯ್ಡುಗಳನ್ನೂ ವಿಕಿರಣಕ್ಕೆ ಮುಂಚೆ ಕೊಟ್ಟು ನೋಡಿದರು. ಅಲ್ಲಿ ಆದದ್ದು ತಿರುವುಮುರುವು. ಮೂಳೆಮಜ್ಜೆಯ ಕ್ರೋಮೋಸೋಮುಗಳು ಮುರಿಯುವುದು ಕಡಿಮೆಯಾಯಿತು, ಇಲಿಗಳು ಹೆಚ್ಚು ಬದುಕಿದವು.

ಒಂದೇ ಮನೆಯಂಗಳದ ಎರಡು ಗಿಡ. ಒಂದು ಕಿರಣದ ಏಟಿಗೆ ಬಲ ಕೊಡುತ್ತದೆ, ಇನ್ನೊಂದು ಅದೇ ಏಟಿಗೆ ಅಡ್ಡ ನಿಲ್ಲುತ್ತದೆ. ವಿಕಿರಣ ಚಿಕಿತ್ಸೆ ನಡೆಯುತ್ತಿರುವಾಗ 'ಗಿಡಮೂಲಿಕೆ ತಾನೆ, ಒಳ್ಳೆಯದೇ' ಎಂದು ಎಲ್ಲ ಸೇರಿಸಿದ ಕಷಾಯ ಕುಡಿಯುವವರು ಈ ಕೆಲಸವನ್ನು ಗಮನಿಸಬೇಕು. ತುಳಸಿ ಕಾಪಾಡುವುದು ಆರೋಗ್ಯದ ಮಜ್ಜೆಯನ್ನು ಮಾತ್ರವೇ, ಗಡ್ಡೆಯನ್ನೂ ಕಾಪಾಡಿಬಿಡುತ್ತದೆಯೇ ಎಂಬುದು ಸಣ್ಣ ಪ್ರಶ್ನೆಯಲ್ಲ.

ಈಗ ಹಿಪ್ಪಲಿಯ ಕಥೆ. 2011ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅಮೆರಿಕದ ಸಂಶೋಧಕರ ಲೇಖನವೊಂದು ಬಂತು. ಪೈಪರ್‌ಲಾಂಗುಮಿನ್ ಕ್ಯಾನ್ಸರ್ ಕೋಶಗಳಲ್ಲಿ ಮಾತ್ರ ಉತ್ಕರ್ಷಣ ಒತ್ತಡ ಏರಿಸಿ ಕೊಲ್ಲುತ್ತದೆ, ಆರೋಗ್ಯದ ಕೋಶಗಳನ್ನು ಮುಟ್ಟುವುದಿಲ್ಲ ಎಂದಿತು. ಜಗತ್ತೆಲ್ಲ ಹಬ್ಬವಾಯಿತು, ನಮ್ಮ ಹಿಪ್ಪಲಿ ಎಂದು ನಾವೂ ಎದೆಯುಬ್ಬಿಸಿದೆವು. ಅದನ್ನೇ ಆಧಾರವಾಗಿಟ್ಟುಕೊಂಡು ಎಷ್ಟೋ ಪ್ರಯೋಗಾಲಯಗಳು ಕೆಲಸ ಹೂಡಿದವು. 2018ರಲ್ಲಿ ಪತ್ರಿಕೆ ಆ ಲೇಖನವನ್ನು ಹಿಂತೆಗೆದುಕೊಂಡಿತು. ಹಾಗೆಂದು ಅಣುವೇ ಸುಳ್ಳಲ್ಲ. ಅದು ಗಂಧಕಕ್ಕೆ ಅಂಟುತ್ತದೆ, ಒತ್ತಡ ಹೆಚ್ಚಿಸುತ್ತದೆ ಎಂದು ಬೇರೆಯವರೂ ಕಂಡಿದ್ದಾರೆ. 'ಆರೋಗ್ಯದ ಕೋಶವನ್ನು ಮುಟ್ಟುವುದೇ ಇಲ್ಲ' ಎಂಬ ಮಾತಿಗೆ ಸಿಕ್ಕಿದ್ದ ಆ ದೊಡ್ಡ ಆಸರೆ ಮಾತ್ರ ಹೋಯಿತು. ಲೇಖನ ಬಂದಾಗ ಸುದ್ದಿ ಮಾಡಿದವರಲ್ಲಿ ಎಷ್ಟು ಜನ ಅದು ಹೋದಾಗಲೂ ಸುದ್ದಿ ಮಾಡಿದರೆಂದು ನಾನು ಕೇಳುವುದಿಲ್ಲ.

ಇನ್ನು ತಟ್ಟೆಯ ವಿಚಾರ. ಪ್ರಯೋಗಾಲಯದ ಕೋಶಗಳು ಪೋಷಕ ದ್ರವದಲ್ಲಿ ಬೆಳೆಯುತ್ತವೆ, ಅವಕ್ಕೆ ತಾಗುವುದು ಹೊರಗಿನ ಗಾಳಿಯಷ್ಟೇ ಆಮ್ಲಜನಕ. ದೇಹದ ಅಂಗಾಂಶಗಳಲ್ಲಿರುವುದಕ್ಕಿಂತ ಅದು ಬಹಳ ಹೆಚ್ಚು. ಚಹಾದ ಕ್ಯಾಟೆಕಿನ್‌ನಂಥ ಪಾಲಿಫಿನಾಲುಗಳನ್ನು ಆ ದ್ರವಕ್ಕೆ ಹಾಕಿದರೆ ಅವು ಕೋಶವನ್ನು ಮುಟ್ಟುವ ಮೊದಲೇ ತಾವಾಗಿ ಉತ್ಕರ್ಷಣಗೊಂಡು ಹೈಡ್ರೊಜನ್ ಪೆರಾಕ್ಸೈಡ್ ಹುಟ್ಟಿಸುತ್ತವೆ. ಬ್ಯಾರಿ ಹ್ಯಾಲಿವೆಲ್ ಮತ್ತು ಸಂಗಡಿಗರು 2000ದಲ್ಲಿ ಇದನ್ನು ಎತ್ತಿ ತೋರಿಸಿದರು. ಅಂದರೆ ಕೋಶಗಳನ್ನು ಕೊಂದದ್ದು ಗಿಡದ ಜಾಣತನವಾಗಿರಬೇಕಿಲ್ಲ, ಔಷಧಿ ಅಂಗಡಿಯ ಪೆರಾಕ್ಸೈಡ್ ಸೀಸೆಯೂ ಅದೇ ಕೆಲಸ ಮಾಡೀತು. ತಟ್ಟೆಗೆ ಕ್ಯಾಟಲೇಸ್ ಕಿಣ್ವ ಹಾಕಿದ ಕೂಡಲೇ ಸಾವು ನಿಂತರೆ ಗುಟ್ಟು ಹೊರಬೀಳುತ್ತದೆ. ಸಸ್ಯದ ಸಾರವೊಂದನ್ನು ಕೋಶಗಳ ಮೇಲೆ ಸುರಿದು 'ಉತ್ಕರ್ಷಣ ಒತ್ತಡದಿಂದ ಸತ್ತವು' ಎಂದು ಬರೆಯುವ ಎಷ್ಟೋ ಪ್ರಬಂಧಗಳಲ್ಲಿ ಈ ಒಂದು ಸರಳ ಪರೀಕ್ಷೆಯೇ ಇರುವುದಿಲ್ಲ. ಇಲ್ಲಿರುವ ಕಾಲೇಜು ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳಿಗೆ ಬೇರೇನೂ ಹೇಳದಿದ್ದರೂ ಇದನ್ನು ಹೇಳಲಿ.

ಗಾಜಿನ ತಟ್ಟೆಯ ಈ ರಸಾಯನ ನಮ್ಮ ಬಾಯಿಯಲ್ಲೂ ನಡೆಯುತ್ತದೆ. ನಾನು ಅಡಿಕೆ ಸೀಮೆಯವನು, ಈ ಮಾತು ಹೇಳಲು ನನಗೆ ಹಿತವಿಲ್ಲ. ಅಡಿಕೆಯಲ್ಲಿ ಕ್ಯಾಟೆಕಿನ್ ಮತ್ತು ಟ್ಯಾನಿನ್ನುಗಳು ತುಂಬಿವೆ. ಸುಣ್ಣ ಸೇರಿದಾಗ ಬಾಯಿ ಕ್ಷಾರವಾಗುತ್ತದೆ, ಕ್ಷಾರದಲ್ಲಿ ಅವು ಬೇಗ ಉತ್ಕರ್ಷಣಗೊಳ್ಳುತ್ತವೆ, ಸೂಪರಾಕ್ಸೈಡೂ ಪೆರಾಕ್ಸೈಡೂ ಹುಟ್ಟುತ್ತವೆ. ಕೆನ್ನೆಯ ಒಳಪೊರೆಯ ಕೋಶಗಳು ವರ್ಷಗಟ್ಟಲೆ ಅದರಲ್ಲಿ ನೆನೆಯುತ್ತವೆ. ಅವು ಒಮ್ಮೆಗೇ ಸಾಯುವಷ್ಟು ಪ್ರಮಾಣವಲ್ಲ ಅದು. ಡಿಎನ್ಎ ಕೆಟ್ಟೂ ಬದುಕುಳಿಯುವಷ್ಟು. ಬದುಕುಳಿದದ್ದೇ ಕೇಡು. ತಂಬಾಕು ಇಲ್ಲದ ಅಡಿಕೆಯೂ ಮನುಷ್ಯರಿಗೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲಿ ಹೇಳಿತು. ಮಹಾರಾಷ್ಟ್ರ 2012ರಲ್ಲಿ, ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿದವು, ಬೀದಿಯಲ್ಲಿ ಅದರ ಫಲವೇನೆಂದು ನಿಮಗೇ ಗೊತ್ತು. ಅಡಿಕೆಯಿಂದ ಹೊಟ್ಟೆ ಹೊರೆಯುವ ಮಲೆನಾಡಿನ ಕುಟುಂಬಗಳ ಕಷ್ಟ ನಾನು ಬಲ್ಲೆ. ಅದರಿಂದ ರಸಾಯನಶಾಸ್ತ್ರ ಬದಲಾಗುವುದಿಲ್ಲ. ಕ್ಯಾನ್ಸರ್ ಕೊಲ್ಲುವುದೆಂದು ನಾವು ಹೊಗಳುವ ಪಾಲಿಫಿನಾಲುಗಳೂ ಕ್ಯಾನ್ಸರಿಗೆ ದಾರಿ ಮಾಡುವ ಪಾಲಿಫಿನಾಲುಗಳೂ ಒಂದೇ ಕುಲದವು. ಎಷ್ಟು, ಎಲ್ಲಿ, ಎಷ್ಟು ಕಾಲ ಎಂಬುದರ ಮೇಲೆ ಫಲ.

'ಎಷ್ಟು' ಎಂಬುದಕ್ಕೆ ಅರಿಶಿನವೇ ಒಳ್ಳೆಯ ಉದಾಹರಣೆ. ನಿಮ್ಮ ಹಿಂಗೋಲಿ, ನಾಂದೇಡ್ ಕಡೆಯಲ್ಲೂ ನಮ್ಮ ಚಾಮರಾಜನಗರದಲ್ಲೂ ಬೆಳೆಯುವ ಬೆಳೆ. ಅರಿಶಿನದ ಪುಡಿಯಲ್ಲಿ ಕುರ್ಕುಮಿನ್ ಇರುವುದು ಸುಮಾರು ನೂರಕ್ಕೆ 3 ಪಾಲು. ತಟ್ಟೆಯಲ್ಲಿ ಕ್ಯಾನ್ಸರ್ ಕೋಶ ಸಾಯಲು ಸಾಮಾನ್ಯವಾಗಿ 10ರಿಂದ 50 ಮೈಕ್ರೊಮೋಲಾರ್ ಬೇಕು. ತೈವಾನಿನಲ್ಲಿ 25 ಜನರ ಮೇಲೆ ನಡೆದು 2001ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ದಿನಕ್ಕೆ 8 ಗ್ರಾಂ ಶುದ್ಧ ಕುರ್ಕುಮಿನ್ ನುಂಗಿದವರ ರಕ್ತದಲ್ಲೂ ಅತಿ ಹೆಚ್ಚೆಂದರೆ ಸುಮಾರು 1.8 ಮೈಕ್ರೊಮೋಲಾರ್ ಸಿಕ್ಕಿತು. ಕರುಳು ಅದನ್ನು ಸರಿಯಾಗಿ ಹೀರುವುದಿಲ್ಲ, ಹೀರಿದ್ದನ್ನು ಪಿತ್ತಜನಕಾಂಗ ಕೂಡಲೇ ಬೇರೆ ರೂಪಕ್ಕೆ ತಿರುಗಿಸಿ ಹೊರದೂಡುತ್ತದೆ. ಹಾಲಿಗೆ ಹಾಕುವ ಚಿಟಿಕೆ ಅರಿಶಿನದ ಲೆಕ್ಕ ನೀವೇ ಮಾಡಿಕೊಳ್ಳಿ.

ಇದಕ್ಕೆ ಉಪಾಯ ಹುಡುಕಿದ್ದು ಬೆಂಗಳೂರಿನಲ್ಲಿ. ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು 1998ರಲ್ಲಿ 2 ಗ್ರಾಂ ಕುರ್ಕುಮಿನ್ ಜೊತೆಗೆ ಕಾಳುಮೆಣಸಿನ 20 ಮಿಲಿಗ್ರಾಂ ಪೈಪರಿನ್ ಕೊಟ್ಟು, ರಕ್ತ ಸೇರುವ ಪ್ರಮಾಣ 2000 ಪ್ರತಿಶತ ಏರಿತೆಂದು ವರದಿ ಮಾಡಿದರು. ಆ ಅಂಕಿ ಇವತ್ತಿಗೂ ಜಗತ್ತಿನ ಅರಿಶಿನ ಗುಳಿಗೆಗಳ ಡಬ್ಬಿಯ ಮೇಲೆ ಮೆರೆಯುತ್ತಿದೆ. ಆದರೆ ಶೂನ್ಯದ ಹತ್ತಿರವಿದ್ದದ್ದು ಇಪ್ಪತ್ತು ಪಟ್ಟಾದರೂ ದೊಡ್ಡದೇನಲ್ಲ. ಪೈಪರಿನ್ ಮಾಡುವುದು ಪಿತ್ತಜನಕಾಂಗ ಹೊರದೂಡುವ ಕೆಲಸವನ್ನು ನಿಧಾನಿಸುವುದು, ಬೇರೆ ಔಷಧಿಗಳೂ ಹಾಗೆಯೇ ಒಳಗೆ ಉಳಿದುಬಿಡಬಹುದು. ಅಮೆರಿಕದ ಪಿತ್ತಜನಕಾಂಗ ತಜ್ಞರ ಜಾಲವೊಂದು 2022ರಲ್ಲಿ ಅರಿಶಿನ ಗುಳಿಗೆಗಳಿಂದ ಪಿತ್ತಜನಕಾಂಗ ಕೆಟ್ಟ 10 ಜನರ ವಿವರ ಪ್ರಕಟಿಸಿತು. ಅವರಲ್ಲಿ ಒಬ್ಬರು ತೀರಿಕೊಂಡರು. ಪರೀಕ್ಷಿಸಿದ ಗುಳಿಗೆಗಳಲ್ಲಿ ಕೆಲವಕ್ಕೆ ಪೈಪರಿನ್ ಬೆರೆತಿತ್ತು. ಸಾರಿನ ಅರಿಶಿನಕ್ಕೆ ಯಾರೂ ಹೆದರಬೇಕಿಲ್ಲ. ಸಾಂದ್ರಗೊಳಿಸಿ ಗುಳಿಗೆ ಮಾಡಿದ್ದು ಅಡುಗೆಮನೆಯ ವಸ್ತುವಾಗಿ ಉಳಿಯುವುದಿಲ್ಲ ಎಂದಷ್ಟೇ ಹೇಳುತ್ತೇನೆ.

ಎದುರು ದಿಕ್ಕಿನ ಮೂಢನಂಬಿಕೆಯೂ ಇದೆ. 'ಆಂಟಿಆಕ್ಸಿಡೆಂಟ್' ಎಂದು ಅಚ್ಚಾದದ್ದೆಲ್ಲ ಕ್ಯಾನ್ಸರ್ ತಡೆಯುತ್ತದೆ ಎಂಬುದು. ಫಿನ್‌ಲ್ಯಾಂಡಿನಲ್ಲಿ 29,133 ಗಂಡು ಧೂಮಪಾನಿಗಳ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಬೀಟಾ ಕ್ಯಾರೊಟಿನ್ ಗುಳಿಗೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡ 18ರಷ್ಟು ಹೆಚ್ಚಾಯಿತು. ಅಮೆರಿಕದಲ್ಲಿ ಅಂಥದ್ದೇ ಇನ್ನೊಂದು ಪರೀಕ್ಷೆಯನ್ನು 1996ರಲ್ಲಿ ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು. 2014ರಲ್ಲಿ ಸ್ವೀಡನ್ನಿನ ಸಂಶೋಧಕರು ಇಲಿಗಳಲ್ಲಿ ವಿಟಮಿನ್ ಇ ಕೊಟ್ಟಾಗ ಶ್ವಾಸಕೋಶದ ಗಡ್ಡೆ ಬೇಗ ಬೆಳೆದದ್ದನ್ನು ಕಂಡರು. ತುಂಬಿದ ಕೆರೆಯ ಏರಿಯನ್ನು ನಾವೇ ಎತ್ತರಿಸಿಕೊಟ್ಟಂತೆ. ನಾವು ಎತ್ತರಿಸದಿದ್ದರೂ ಕ್ಯಾನ್ಸರ್ ಕೋಶ ತಾನೇ ಎತ್ತರಿಸಿಕೊಳ್ಳಬಲ್ಲದು. ಶ್ವಾಸಕೋಶದ ಎಷ್ಟೋ ಗಡ್ಡೆಗಳಲ್ಲಿ ಗ್ಲುಟಾಥಯೋನ್ ತಯಾರಿಯನ್ನು ಹಿಡಿತದಲ್ಲಿಡುವ ಜೀನ್‌ಗಳೇ ಬದಲಾಗಿ, ಕಾವಲು ಹಗಲೂ ಇರುಳೂ ಜಾಗೃತವಾಗಿರುತ್ತದೆ. ಎರಡು ಬೆರಳಿನ ವ್ಯತ್ಯಾಸ ಅಲ್ಲಿಗೆ ಅಳಿಸಿಹೋಗುತ್ತದೆ.

ಹಾಗಾದರೆ ಗಿಡಗಳಿಂದ ಕ್ಯಾನ್ಸರಿಗೆ ಮದ್ದು ಬಂದೇ ಇಲ್ಲವೇ? ಬಂದಿದೆ, ಅದರ ಒಂದು ದೊಡ್ಡ ಹೆಸರು ಈ ಸೀಮೆಯದೇ. ನಾಸಿಕ ವಿಭಾಗಕ್ಕೆ ಸೇರಿದ ನಂದುರ್‌ಬಾರ್‌ನಲ್ಲಿ 1925ರಲ್ಲಿ ಹುಟ್ಟಿದ ಮನ್‌ಸುಖ್ ವಾಣಿ, ಮುಂಬಯಿಯಲ್ಲಿ ಓದಿ ಅಮೆರಿಕಕ್ಕೆ ಹೋಗಿ, ನಾರ್ತ್ ಕೆರೊಲಿನಾದ ರಿಸರ್ಚ್ ಟ್ರಯಾಂಗಲ್ ಸಂಸ್ಥೆಯಲ್ಲಿ ಮನ್ರೊ ವಾಲ್ ಅವರೊಂದಿಗೆ ಕೆಲಸ ಮಾಡಿದರು. ಅವರಿಬ್ಬರ ಗುಂಪು ಚೀನೀ ಮರವೊಂದರಿಂದ ಬೇರ್ಪಡಿಸಿದ ಕ್ಯಾಂಪ್ಟೋಥೆಸಿನ್ ವಿವರವನ್ನು 1966ರಲ್ಲಿ, ಯೂ ಮರದ ತೊಗಟೆಯ ಟ್ಯಾಕ್ಸಾಲ್ ವಿವರವನ್ನು 1971ರಲ್ಲಿ ಪ್ರಕಟಿಸಿತು. 2020ರಲ್ಲಿ ತೀರಿಕೊಂಡ ವಾಣಿಯವರ ಹೆಸರು ಅವರ ಸೀಮೆಯ ಶಾಲೆಯ ಮಕ್ಕಳಿಗೆ ಗೊತ್ತಿದೆಯೇ ಎಂದು ನಿಮ್ಮನ್ನೇ ಕೇಳುತ್ತೇನೆ. ಕ್ಯಾಂಪ್ಟೋಥೆಸಿನ್ ನಮ್ಮ ಸಹ್ಯಾದ್ರಿಯ ನಾತದ ಮರವೊಂದರಲ್ಲೂ ಇದೆಯೆಂದು 1972ರಲ್ಲಿ ಮುಂಬಯಿಯ ಸೀಬಾ ಸಂಶೋಧನಾ ಕೇಂದ್ರದ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಕಂಡುಕೊಂಡರು. ಮರಾಠಿಯಲ್ಲಿ ಅದಕ್ಕೆ ನರಕ್ಯಾ ಎನ್ನುತ್ತಾರೆ. ಬೇಡಿಕೆ ಹೆಚ್ಚಾಗಿ ಕಾಡಿನಲ್ಲಿ ಅದನ್ನು ಕಡಿದ ಕಥೆ ದೊಡ್ಡದು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಆರ್. ಉಮಾಶಂಕರ್ ಮತ್ತು ಸಂಗಡಿಗರು ಮರ ಕಡಿಯದೆ, ಅದರೊಳಗೆ ಬದುಕುವ ಶಿಲೀಂಧ್ರಗಳಿಂದ ಅದೇ ವಸ್ತು ಸಿಗುತ್ತದೆಯೇ ಎಂದು ಬಹಳ ಕೆಲಸ ಮಾಡಿದ್ದಾರೆ.

ಗಮನಿಸಿ. ಟ್ಯಾಕ್ಸಾಲ್ ಕೋಶ ಇಬ್ಭಾಗವಾಗುವಾಗ ಬೇಕಾದ ಸೂಕ್ಷ್ಮ ನಾಳಗಳನ್ನು ಬಿಗಿದು ನಿಲ್ಲಿಸುತ್ತದೆ. ನಿತ್ಯಪುಷ್ಪದ ವಿನ್‌ಕ್ರಿಸ್ಟಿನ್ ಅದೇ ನಾಳಗಳು ಕಟ್ಟಿಕೊಳ್ಳದಂತೆ ಮಾಡುತ್ತದೆ. ಕ್ಯಾಂಪ್ಟೋಥೆಸಿನ್ ಡಿಎನ್ಎಯ ಹುರಿ ಬಿಡಿಸುವ ಒಂದು ಕಿಣ್ವವನ್ನು ಹಿಡಿದುಹಾಕುತ್ತದೆ. ಆಸ್ಪತ್ರೆಯ ಕಪಾಟಿಗೆ ಬಂದ ಗಿಡದ ಅಣುಗಳೆಲ್ಲ ಹೀಗೆ ಒಂದು ಗುರಿಗೆ ಗಂಟುಬಿದ್ದವು. ಸಾಯುವ ಕೋಶದಲ್ಲಿ ಕೊನೆಗೆ ಉತ್ಕರ್ಷಣ ಒತ್ತಡ ಕಾಣಿಸೀತು, ಅದು ಕಾರಣವಲ್ಲ, ಪರಿಣಾಮ. ಬರೀ ಉತ್ಕರ್ಷಣ ಒತ್ತಡವನ್ನೇ ನೆಚ್ಚಿದ ಅಣುಗಳು ಹಿಂದುಳಿದದ್ದು ಅವು ದುರ್ಬಲವೆಂದಲ್ಲ. ಆಮ್ಲಜನಕಕ್ಕೆ ತನ್ನವರು ಪರರು ಎಂಬ ಭೇದವಿಲ್ಲ.

ಭೇದ ಕಲಿಸುವ ಕೆಲಸ ಈಗ ಬೇರೆ ದಾರಿಯಲ್ಲಿ ನಡೆದಿದೆ. ಕ್ಯಾಂಪ್ಟೋಥೆಸಿನ್ ವಂಶದ ಅತಿ ವಿಷದ ಅಣುವೊಂದನ್ನು, ಸ್ತನ ಕ್ಯಾನ್ಸರ್ ಕೋಶದ ಹೊರಮೈಯ ಗುರುತು ಹಿಡಿಯುವ ಪ್ರತಿಕಾಯಕ್ಕೆ ಕಟ್ಟಿ ಕಳಿಸುತ್ತಾರೆ. ಟ್ರಾಸ್ಟುಜುಮ್ಯಾಬ್ ಡೆರುಕ್ಸ್‌ಟಿಕಾನ್ ಎಂಬ ಆ ಔಷಧಿಗೆ 2019ರ ಕೊನೆಯಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ವಿಷ ಮರದಿಂದ ಕಲಿತದ್ದು, ವಿಳಾಸ ಬರೆದದ್ದು ಮನುಷ್ಯರು. ಪ್ಲಂಬಾಜಿನ್‌ಗೋ ವಿಥಾಫೆರಿನ್‌ಗೋ ಅಂಥದೊಂದು ವಿಳಾಸ ಬರೆಯಲಾದರೆ ಮಣಿಪಾಲದ ಇಲಿಗಳಲ್ಲಿ ಕಂಡದ್ದಕ್ಕೆ ಇನ್ನೊಂದು ಅರ್ಥ ಬಂದೀತು. ಅಲ್ಲಿಯವರೆಗೆ, ನಿಮ್ಮ ಮನೆಯಲ್ಲಿ ಯಾರಿಗಾದರೂ ಕಿಮೋಥೆರಪಿಯೋ ವಿಕಿರಣವೋ ನಡೆಯುತ್ತಿದ್ದರೆ, ಯಾವ ಕಷಾಯ, ಯಾವ ಗುಳಿಗೆ ತೆಗೆದುಕೊಳ್ಳುತ್ತಿದ್ದೀರೆಂದು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಅವರು ಬೈದರೂ ಚಿಂತೆಯಿಲ್ಲ, ಡಬ್ಬಿಯನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ.